ಒಂದು ಫೋರ್ಕ್, ಎರಡು ಎಣ್ಣೆ, ಒಂದು ಗ್ರೀಸ್

ಸರ್ವಿಸ್ ಮಾಡಿ ಮೂರೇ ದಿನ ಆಗಿತ್ತು. ಗೋಡೆಗೆ ಒರಗಿಸಿದ್ದ ಸೈಕಲ್ಲನ್ನು ಪಕ್ಕದಿಂದ ನೋಡಿದರೆ ಯಾಕೋ ಮುಂದಿನ ಭಾಗ ತಲೆ ತಗ್ಗಿಸಿದ ಹಾಗೆ ಕಾಣಿಸಿತು. ಟೇಪ್ ಹಿಡಿದು ಅಳೆದೆ. ಮುಂದಿನ ಚಕ್ರ ಹಿಡಿದು ಪೆಟ್ಟು ನುಂಗೋ ಸಸ್ಪೆನ್ಷನ್ ಫೋರ್ಕ್ ಅದು, ಒಳಗೆ ಸ್ಪ್ರಿಂಗ್ ಬದಲು ಗಾಳಿ, 150 ಮಿ.ಮೀ. ಟ್ರಾವೆಲ್ (ಅಂದರೆ ಅಷ್ಟು ಉದ್ದ ಕುಗ್ಗಬಲ್ಲದು), ಮೇಲೆ ಯಾರೂ ಕೂತಿಲ್ಲ, ಸುಮ್ನೆ ನಿಂತಾಗಲೇ 15 ಮಿ.ಮೀ. ಒಳಗೆ ಹೋಗಿದೆ. ಗಾಳಿ ಕಮ್ಮಿ ಆಗಿರಬೇಕು ಅಂತ ಪಂಪ್ ಹಾಕಿ ನೋಡಿದರೆ ಪ್ರೆಶರ್ ಸರಿಯಾಗೇ ಇದೆ. ಹ್ಯಾಂಡಲ್‌ಬಾರ್ ಹಿಡಿದು ಮೇಲಕ್ಕೆ ಎಳೆದರೆ ಉದ್ದ ಆಗುತ್ತದೆ, ಕೈ ಬಿಟ್ಟರೆ ಯಾರೋ ಒಳಗಿನಿಂದ ಎಳೆದುಕೊಂಡ ಹಾಗೆ ಮತ್ತೆ ಕೆಳಗೆ.

ಬಿಚ್ಚಿದೆ. ಏರ್ ಶಾಫ್ಟ್ ಹೊರಗೆ ಬಂದಾಗ ಪಿಸ್ಟನ್ನಿನ ಕೆಳಗೆ ಒಂದು ದೊಡ್ಡ ಚಮಚ ತುಂಬುವಷ್ಟು ಗ್ರೀಸ್ ಮುದ್ದೆ ಕಟ್ಟಿ ಕೂತಿತ್ತು. ಹಾಕಿದವನು ನಾನೇ. ಹೋದ ಸಲ ಒಳಗೆ ಒಣಗಿತ್ತು, ಈ ಸಲ ಹಾಗಾಗದಿರಲಿ ಅಂತ ಕೈ ಧಾರಾಳ ಮಾಡಿದ್ದೆ.

ಆಗಿದ್ದು ಇಷ್ಟು. ಏರ್ ಸ್ಪ್ರಿಂಗ್‌ನಲ್ಲಿ ಪಿಸ್ಟನ್ನಿನ ಮೇಲೆ ಒಂದು ಗಾಳಿ ಕೋಣೆ, ಕೆಳಗೆ ಇನ್ನೊಂದು ಚಿಕ್ಕದು, ಅದು ನೆಗೆಟಿವ್ ಕಡೆ. ಎರಡರ ಪ್ರೆಶರ್ ಸಮ ಆಗಬೇಕು. ಅದಕ್ಕೆ ಅಂತಲೇ ಸ್ಟ್ಯಾಂಶನ್ ಅನ್ನೋ ಮೇಲಿನ ಕೊಳವೆಯ ಒಳಗೋಡೆಯಲ್ಲಿ ಒಂದು ಸಣ್ಣ ತಗ್ಗು ಇರುತ್ತದೆ, ಕೆನ್ನೆಯ ಗುಳಿಯ ಥರ. ಪಿಸ್ಟನ್ನಿನ ಸೀಲ್ ಆ ತಗ್ಗನ್ನು ದಾಟುವ ಕ್ಷಣದಲ್ಲಿ ಗಾಳಿ ಈ ಕಡೆಯಿಂದ ಆ ಕಡೆಗೆ ನುಸುಳಿ ಸಮ ಆಗುತ್ತದೆ. ನನ್ನ ಗ್ರೀಸ್ ಆ ತಗ್ಗನ್ನೇ ಮೆತ್ತಿಬಿಟ್ಟಿತ್ತು. ಪ್ರತಿ ಸಲ ಫೋರ್ಕ್ ಕುಗ್ಗಿದಾಗ ಸ್ವಲ್ಪ ಗಾಳಿ ಸೀಲ್ ದಾಟಿ ಕೆಳಗೆ ಹೋಯಿತು, ವಾಪಸ್ ಬರಲು ದಾರಿ ಸಿಗಲಿಲ್ಲ. ಕೆಳಗಿನ ಪ್ರೆಶರ್ ಏರಿ ಏರಿ ಫೋರ್ಕನ್ನೇ ಒಳಗೆ ಎಳೆದುಕೊಂಡಿತು. ಒರೆಸಿ, ತೆಳ್ಳಗೆ ಸವರಿ, ಜೋಡಿಸಿದ ಮೇಲೆ ಪೂರ್ತಿ 150 ವಾಪಸ್ ಬಂತು.

ಆ ಡಬ್ಬಿಯ ಗ್ರೀಸ್ ಒಳ್ಳೆಯದೇ. ತಪ್ಪಿದ್ದು ಅಳತೆ. ಎಣ್ಣೆ ವಿಷಯದಲ್ಲೂ ಮುಕ್ಕಾಲುಪಾಲು ಎಡವಟ್ಟು ಹೀಗೇ ಆಗೋದು: ಯಾವ ಬ್ರ್ಯಾಂಡ್ ಅಂತ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತೇವೆ, ಅದು ಫೋರ್ಕಿನೊಳಗೆ ಎಲ್ಲಿಗೆ ಹೋಗುತ್ತೆ, ಎಷ್ಟು ಹೋಗುತ್ತೆ ಅಂತ ಕೇಳಿಕೊಳ್ಳುವುದೇ ಇಲ್ಲ.

ಈಗಿನ ಗಾಳಿ ಫೋರ್ಕ್ ಬಿಚ್ಚಿದರೆ ಜಿಡ್ಡು ಮೂರು ಜಾಗದಲ್ಲಿ ಸಿಗುತ್ತದೆ. ಒಂದು ಕಾಲಿನಲ್ಲಿ ಡ್ಯಾಂಪರ್ (ಫೋರ್ಕ್ ಕುಗ್ಗೋ, ಮೇಲೇಳೋ ವೇಗವನ್ನು ಹಿಡಿದಿಡೋ ಭಾಗ), ಅದರೊಳಗೆ ತೆಳು ಎಣ್ಣೆ. ಇನ್ನೊಂದು ಕಾಲಿನಲ್ಲಿ ಏರ್ ಸ್ಪ್ರಿಂಗ್, ಅಲ್ಲಿ ಗ್ರೀಸ್. ಎರಡೂ ಕಾಲಿನ ಲೋವರ್ಸ್ (ಸ್ಟ್ಯಾಂಶನ್ ಜಾರಿ ಇಳಿಯೋ ಕೆಳಗಿನ ಹೊರಕವಚ) ತಳದಲ್ಲಿ ಸ್ವಲ್ಪ ಎಣ್ಣೆ ಸುಮ್ನೆ ನಿಂತಿರುತ್ತದೆ, ಅದಕ್ಕೆ ಬಾತ್ ಆಯಿಲ್ ಅಂತಾರೆ. ಬಾತ್ ಎಣ್ಣೆಯ ಕೆಲಸ ಜಾರಿಸೋದು. ಡ್ಯಾಂಪರ್ ಎಣ್ಣೆಯ ಕೆಲಸ ಅದಕ್ಕೆ ತದ್ವಿರುದ್ಧ, ಸಣ್ಣ ತೂತುಗಳಲ್ಲಿ ಮತ್ತು ಶಿಮ್ ಅನ್ನೋ ತೆಳು ಬಿಲ್ಲೆಗಳ ಸಂದಿಯಲ್ಲಿ ತಿಣುಕಾಡಿಕೊಂಡು ಹರಿಯೋದು. ಎಷ್ಟು ತಿಣುಕಬೇಕು ಅನ್ನೋದು ಲೆಕ್ಕಹಾಕಿ ಇಟ್ಟದ್ದು. ಹಾಗಾಗಿ ಒಂದರ ಜಾಗಕ್ಕೆ ಇನ್ನೊಂದು ಸುರಿದರೆ ಎರಡೂ ಕೆಲಸ ಕೆಡುತ್ತವೆ.

ಹಳೇ ಫೋರ್ಕ್‌ಗಳಲ್ಲಿ ಈ ಜಂಜಾಟ ಇರಲಿಲ್ಲ. 1990ರ ದಶಕದ ಕೊನೆಯಲ್ಲಿ ಬಂದ ಮಾರ್ಜೊಕ್ಕಿ ಬಾಂಬರ್ ಥರದ ಓಪನ್ ಬಾತ್ ಫೋರ್ಕ್‌ಗಳಲ್ಲಿ ಡ್ಯಾಂಪಿಂಗ್ ಮಾಡೋ ಎಣ್ಣೆಯೇ ಬುಶಿಂಗ್‌ಗಳನ್ನೂ (ಸ್ಟ್ಯಾಂಶನ್ ಜಾರೋ ಉಂಗುರಗಳು) ನೆನೆಸುತ್ತಿತ್ತು. ಒಂದೇ ಬಾಟಲಿ, ತುಂಬಾ ಎಣ್ಣೆ, ಜಾಸ್ತಿ ತೂಕ, ವರ್ಷಗಟ್ಟಲೆ ಮುಟ್ಟದಿದ್ದರೂ ನಡೀತಿತ್ತು. ಈಗ ಡ್ಯಾಂಪರ್ ಒಂದು ಮುಚ್ಚಿದ ಕಾರ್ಟ್ರಿಜ್. ತೂಕ ಉಳಿಸೋಕೆ ಲೋವರ್ಸ್‌ನಲ್ಲಿ ಬರೀ ಒಂದಿಷ್ಟು ಮಿ.ಲೀ. ಎಣ್ಣೆ ಬಿಡುತ್ತಾರೆ. ಅಷ್ಟೇ ಎಣ್ಣೆ ಬುಶಿಂಗ್, ಫೋಮ್ ರಿಂಗ್, ಸೀಲ್ ಎಲ್ಲವನ್ನೂ ಕಾಪಾಡಬೇಕು, ಅದಕ್ಕೇ ಅದು ಬೇಗ ಹಾಳಾಗುತ್ತದೆ. ಫೋರ್ಕ್ ಮಾಡೋ ಕಂಪನಿಗಳಲ್ಲಿ ರಾಕ್‌ಶಾಕ್ಸ್ ಲೋವರ್ಸ್ ಸರ್ವಿಸನ್ನು 50 ಗಂಟೆ ಸವಾರಿಗೆ ಒಮ್ಮೆ ಮಾಡಿ ಅನ್ನುತ್ತದೆ. ಫಾಕ್ಸ್ ಹೇಳೋದು 125 ಗಂಟೆ ಅಥವಾ ವರ್ಷಕ್ಕೊಮ್ಮೆ, ಯಾವುದು ಮೊದಲೋ ಅದು.

ಮನೆಯಲ್ಲಿ ಮಾಡೋ ಸರ್ವಿಸ್ ಅಂದರೆ ಹೆಚ್ಚಿನಂಶ ಈ ಲೋವರ್ಸ್ ಸರ್ವಿಸೇ. ಅದಕ್ಕೆ ಬೇಕಾಗಿದ್ದು ಬಾತ್ ಎಣ್ಣೆ ಮತ್ತು ಗ್ರೀಸ್ ಮಾತ್ರ. ಡ್ಯಾಂಪರ್ ಬಿಚ್ಚೋ ಯೋಚನೆ ಇಲ್ಲದಿದ್ದರೆ ಡ್ಯಾಂಪರ್ ಎಣ್ಣೆ ಕೊಳ್ಳುವ ಅಗತ್ಯವೇ ಇಲ್ಲ. ಇದನ್ನು ಯಾರೂ ನನಗೆ ಮೊದಲೇ ಹೇಳಲಿಲ್ಲ. ಮೊದಲ ವರ್ಷ ತಂದಿಟ್ಟ 5 ಡಬ್ಲ್ಯೂಟಿ (ವೆಯ್ಟ್) ಡ್ಯಾಂಪರ್ ಎಣ್ಣೆ ಬಾಟಲಿ ಸೀಲ್ ಒಡೆಯದೆ ಬಹಳ ಕಾಲ ಕಪಾಟಿನಲ್ಲೇ ಇತ್ತು.

ಈಗ ಆ 5 ಅನ್ನೋ ನಂಬರ್ ವಿಷಯ. ಇಲ್ಲಿ ನನಗೆ ನಿಜವಾಗ್ಲೂ ಸಿಟ್ಟು ಬರುತ್ತದೆ.

ಫೋರ್ಕ್ ಎಣ್ಣೆ ಬಾಟಲಿ ಮೇಲೆ 2.5, 5, 7, 10, 15 ಅಂತ ಬರೆದಿರುತ್ತಾರೆ. ಅದು ಎಣ್ಣೆ ಎಷ್ಟು ಮಂದ ಅನ್ನೋದರ ಅಳತೆ ಅಂತ ನಾವು ನಂಬುತ್ತೇವೆ. ಎಂಜಿನ್ ಎಣ್ಣೆಗಾದರೆ ಈ ನಂಬರ್‌ಗೆ ಎಸ್‌ಎಇ ಅನ್ನೋ ಎಂಜಿನಿಯರ್‌ಗಳ ಸಂಘದ ಮಾನದಂಡ ಇದೆ, ಯಾವ ನಂಬರ್ ಅಂದರೆ ಎಷ್ಟು ಮಂದ ಅಂತ ಬರೆದಿಟ್ಟಿದ್ದಾರೆ, ಅಲ್ಲಿ ಡಬ್ಲ್ಯೂ ಅಂದರೆ ವಿಂಟರ್, ಚಳಿಯಲ್ಲಿ ಎಣ್ಣೆ ಹೇಗಿರುತ್ತೆ ಅನ್ನೋದರ ಲೆಕ್ಕ. ಫೋರ್ಕ್ ಎಣ್ಣೆಗೆ ಅಂಥ ಕಟ್ಟುಪಾಡಿಲ್ಲ. ಒಂದು ಕಂಪನಿಯ 5 ಇನ್ನೊಂದು ಕಂಪನಿಯ 5 ಆಗಿರಬೇಕು ಅಂತೇನಿಲ್ಲ. ನಿಜವಾದ ಅಳತೆ ಬೇಕಂದರೆ ಆ ಎಣ್ಣೆಯ ಟೆಕ್ನಿಕಲ್ ಡೇಟಾ ಶೀಟ್ ತೆಗೆದು 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಷ್ಟು ಸೆಂಟಿಸ್ಟೋಕ್ ಅಂತ ನೋಡಬೇಕು. ಮಾಮೂಲಿ ಕೋಣೆಯ ಬಿಸಿಯಲ್ಲಿ ನೀರು ಸುಮಾರು 1 ಸೆಂಟಿಸ್ಟೋಕ್, ಅಲ್ಲಿಂದ ಅಂದಾಜು ಹಾಕಿ. 5 ಅಂತ ಲೇಬಲ್ ಹೊತ್ತ ಎಣ್ಣೆಗಳು 15ರ ಆಸುಪಾಸಿನಿಂದ 26ರ ಆಸುಪಾಸಿನವರೆಗೂ ಸಿಗುತ್ತವೆ. ಅಂದರೆ ಲೇಬಲ್ ಒಂದೇ, ಮಂದ ಒಂದೂವರೆ ಪಟ್ಟಿಗಿಂತ ಜಾಸ್ತಿ. ಕುಗ್ಗಿದ ಫೋರ್ಕ್ ಎಷ್ಟು ಬೇಗ ಮೇಲೇಳಬೇಕು ಅಂತ ಹೊಂದಿಸೋ ರಿಬೌಂಡ್ ನಾಬನ್ನು ನಾಲ್ಕು ಕ್ಲಿಕ್ ತಿರುಗಿಸಿದರೂ ಸರಿಹೋಗದಷ್ಟು ವ್ಯತ್ಯಾಸ.

ನನ್ನ ಗೆಳೆಯನೊಬ್ಬ ಹೀಗೇ ಸಿಕ್ಕಿಹಾಕಿಕೊಂಡ. ಫೋರ್ಕ್ ಕೈಪಿಡಿಯಲ್ಲಿ 5 ಅಂತ ಇತ್ತು, ಅವನ ಹತ್ತಿರ ಬೇರೆ ಕಂಪನಿಯ 5 ಇತ್ತು, ಹಾಕಿದ. ಆಮೇಲೆ ರಿಬೌಂಡ್ ಪೂರ್ತಿ ತೆರೆದರೂ ಫೋರ್ಕ್ ಮೇಲೆ ಬರೋದು ನಿಧಾನ. ಒಂದರ ಹಿಂದೆ ಒಂದು ಕಲ್ಲು ಸಿಕ್ಕರೆ ಮೊದಲನೇದಕ್ಕೆ ಕುಗ್ಗಿದ್ದು ಎರಡನೇದು ಬರೋ ಹೊತ್ತಿಗೆ ಪೂರ್ತಿ ಬಿಚ್ಚಿಕೊಂಡಿರಲ್ಲ, ಮೂರನೇದಕ್ಕೆ ಇನ್ನೂ ಕೆಳಗೆ, ನಾಲ್ಕನೇದಕ್ಕೆ ಕಟ್ಟಿಗೆ ಹಿಡಿದ ಹಾಗೆ. ಅವನು ಸೀಲ್ ಬದಲಾಯಿಸಿದ, ಬುಶಿಂಗ್ ಬಿಗಿಯಾಗಿದೆ ಅಂತ ಅನುಮಾನಪಟ್ಟ, ಗಾಳಿ ಏರಿಸಿ ಇಳಿಸಿ ನೋಡಿದ. ಎರಡು ಡೇಟಾ ಶೀಟ್ ಪಕ್ಕಪಕ್ಕ ಇಟ್ಟು ನೋಡಿದ ಮೇಲೆ ಗೊತ್ತಾಯಿತು.

ಹಾಗಾಗಿ ಡ್ಯಾಂಪರ್‌ಗೆ ನನ್ನ ನಿಯಮ ಸರಳ: ಫೋರ್ಕ್ ತಯಾರಿಸಿದವರು ಹೆಸರಿಟ್ಟು ಹೇಳಿದ ಎಣ್ಣೆಯನ್ನೇ ಹಾಕೋದು. ಇಲ್ಲಿ ಜಾಣತನ ತೋರಿಸೋಕೆ ಹೋಗಲ್ಲ. ಅದು ಸಿಗದಿದ್ದರೆ 40 ಡಿಗ್ರಿಯ ನಂಬರ್ ಹೊಂದುವ ಇನ್ನೊಂದನ್ನು ಹುಡುಕೋದು, ಲೇಬಲ್ಲಿನ ನಂಬರ್ ಏನೇ ಇರಲಿ.

ಜೊತೆಗೆ ಇನ್ನೊಂದು ನಂಬರ್ ನೋಡಬೇಕು, ವಿಸ್ಕಾಸಿಟಿ ಇಂಡೆಕ್ಸ್. ಬಿಸಿ ತಣ್ಣಗಾದಂತೆ ಎಣ್ಣೆ ಎಷ್ಟು ಬದಲಾಗುತ್ತೆ ಅನ್ನೋದನ್ನು ಅದು ಹೇಳುತ್ತದೆ. ಸಾದಾ ಮಿನರಲ್ ಎಣ್ಣೆಗೆ ಅದು 100ರ ಆಸುಪಾಸು, ಒಳ್ಳೆಯ ಸಸ್ಪೆನ್ಷನ್ ಎಣ್ಣೆಗಳಿಗೆ ಅದಕ್ಕಿಂತ ಸಾಕಷ್ಟು ಮೇಲೆ. ನಂಬರ್ ದೊಡ್ಡದಿದ್ದಷ್ಟೂ ಬದಲಾವಣೆ ಕಮ್ಮಿ. ಹಿಂದಿನ ಚಕ್ರದ ಶಾಕ್ ಥರ ಫೋರ್ಕ್ ಅಷ್ಟೊಂದು ಬಿಸಿ ಆಗಲ್ಲ, ಹಾಗಾಗಿ ಇದು ನಮಗೆ ಗೊತ್ತಾಗೋದು ಚಳಿಯಲ್ಲೇ ಹೆಚ್ಚು. ಬೆಳಗ್ಗೆ ಮೊದಲ ಹತ್ತು ನಿಮಿಷ ಫೋರ್ಕ್ ನಿದ್ದೆಗಣ್ಣಲ್ಲಿ ಇದ್ದ ಹಾಗೆ ಇರುತ್ತದಲ್ಲ, ಅದರಲ್ಲಿ ಎಣ್ಣೆಯ ಪಾಲೂ ಇದೆ. ಚಳಿಗಾಲದಲ್ಲಿ ರಿಬೌಂಡ್ ಒಂದೆರಡು ಕ್ಲಿಕ್ ತೆರೆದುಕೊಂಡರೆ ಸಾಕು, ಅದಕ್ಕಾಗಿ ಎಣ್ಣೆ ಬದಲಾಯಿಸಬೇಕಾಗಿಲ್ಲ.

ತುಂಬಾ ಹಗುರ ಅಥವಾ ತುಂಬಾ ಭಾರದ ಸವಾರರು ಬೇಕಂತಲೇ ಒಂದು ಹಂತ ತೆಳು ಅಥವಾ ಮಂದ ಎಣ್ಣೆ ಹಾಕಿಸಿಕೊಳ್ಳೋದುಂಟು. ಅದು ಬೇರೆ ಮಾತು, ಅದರಲ್ಲಿ ಅರ್ಥವಿದೆ. ಹಗುರ ಸವಾರ ಗಾಳಿ ಕಮ್ಮಿ ಇಟ್ಟುಕೊಳ್ಳುತ್ತಾನೆ, ಸ್ಪ್ರಿಂಗ್ ಬಲ ಕಮ್ಮಿ, ಅದೇ ಎಣ್ಣೆಯನ್ನು ತಳ್ಳಿಕೊಂಡು ವಾಪಸ್ ಬರೋಕೆ ಫೋರ್ಕಿಗೆ ಕಷ್ಟ. ಆದರೆ 5ನ್ನೂ 10ನ್ನೂ ಸಮ ಬೆರೆಸಿದರೆ ನಡುವೆ ಸರಿಯಾಗಿ ಏಳೂವರೆ ಬರುತ್ತೆ ಅಂತ ಲೆಕ್ಕ ಹಾಕಬೇಡಿ. ಎಣ್ಣೆ ಹಾಗೆ ಬೆರೆಯಲ್ಲ, ಫಲಿತಾಂಶ ತೆಳು ಎಣ್ಣೆಯ ಕಡೆಗೆ ವಾಲುತ್ತದೆ. ಬೆರೆಸೋದೇ ಆದರೆ ಒಂದೇ ಕಂಪನಿಯ ಒಂದೇ ಸಾಲಿನ ಎಣ್ಣೆಗಳನ್ನು ಬೆರೆಸಿ.

ಬಾತ್ ಎಣ್ಣೆಗೆ ಬರೋಣ. ಇಲ್ಲಿ ಸ್ವಲ್ಪ ಸ್ವಾತಂತ್ರ್ಯ ಇದೆ. ಈ ಎಣ್ಣೆ ಯಾವ ತೂತಿನಲ್ಲೂ ಅಳತೆ ಪ್ರಕಾರ ಹರಿಯಬೇಕಾಗಿಲ್ಲ. ಬುಶಿಂಗ್‌ಗೆ ಅಂಟಿಕೊಂಡಿರಬೇಕು, ಫೋಮ್ ರಿಂಗನ್ನು ಒದ್ದೆ ಇಡಬೇಕು, ಅಷ್ಟೆ. ಫಾಕ್ಸ್‌ನ 20 ಡಬ್ಲ್ಯೂಟಿ ಗೋಲ್ಡ್ ಇದಕ್ಕೇ ಮಾಡಿದ್ದು, ಬೆರಳಿಗೆ ಹಾಕಿ ಉಜ್ಜಿದರೆ ಅಂಟು ಗೊತ್ತಾಗುತ್ತೆ. ರಾಕ್‌ಶಾಕ್ಸ್ ಮೊದಲು ಹಲವು ಫೋರ್ಕ್‌ಗಳಿಗೆ 15 ಡಬ್ಲ್ಯೂಟಿ ಅನ್ನುತ್ತಿತ್ತು, ಆಮೇಲೆ 0 ಡಬ್ಲ್ಯೂ-30, ಈಚೆಗೆ ಮ್ಯಾಕ್ಸಿಮಾ ಪ್ಲಷ್ ಹೆಸರಿನ ಲ್ಯೂಬ್.

ಆ 0 ಡಬ್ಲ್ಯೂ-30 ಒಂದು ಒಳ್ಳೆ ಬಲೆ. ಸೊನ್ನೆ ನೋಡಿ, ಓ ಇದು 5ಕ್ಕಿಂತ ತೆಳು ಅಂದುಕೊಂಡವರನ್ನು ನಾನೇ ಕಂಡಿದ್ದೇನೆ. ಅದು ಎಂಜಿನ್ ಎಣ್ಣೆಯ ಲೆಕ್ಕ. ಸೊನ್ನೆ ಅನ್ನೋದು ಕೊರೆಯುವ ಚಳಿಯ ಪರೀಕ್ಷೆಗೆ, 30 ಅನ್ನೋದು 100 ಡಿಗ್ರಿಯಲ್ಲಿ 9.3ರಿಂದ 12.5 ಸೆಂಟಿಸ್ಟೋಕ್ ಇರಬೇಕು ಅನ್ನೋದಕ್ಕೆ. 40 ಡಿಗ್ರಿಗೆ ಬಂದರೆ ಅದು 50ರಿಂದ 60ರ ಆಸುಪಾಸು, ಅಂದರೆ ತೆಳು 5 ಡಬ್ಲ್ಯೂಟಿ ಡ್ಯಾಂಪರ್ ಎಣ್ಣೆಗಿಂತ ಮೂರು ಪಟ್ಟಿಗೂ ಜಾಸ್ತಿ ಮಂದ. ಎರಡು ಬೇರೆ ಬೇರೆ ಅಳತೆಗೋಲು, ನಂಬರ್ ಮಾತ್ರ ಒಂದೇ ಥರ ಕಾಣುತ್ತೆ. ಗೇರ್ ಎಣ್ಣೆಯ 75 ಡಬ್ಲ್ಯೂ-90 ಮೂರನೇ ಅಳತೆಗೋಲು, ಅದರ 90 ಎಂಜಿನ್ ಎಣ್ಣೆಯ 40, 50ರ ಸುತ್ತಮುತ್ತ ಬೀಳುತ್ತದೆ.

ಹಾಗಾದರೆ ಲೋವರ್ಸ್‌ಗೆ ಎಂಜಿನ್ ಎಣ್ಣೆ ಹಾಕಬಹುದಾ? ಎಲ್ಲರೂ ಕೇಳುವ ಪ್ರಶ್ನೆ. ಒಳ್ಳೆಯ ಸಿಂಥೆಟಿಕ್ ಎಂಜಿನ್ ಎಣ್ಣೆ 10 ಮಿ.ಲೀ. ಹಾಕಿದರೆ ಲೋವರ್ಸ್‌ನಲ್ಲಿ ಏನೂ ಅನಾಹುತ ಆಗಲ್ಲ, ನಾನೂ ಒಂದು ಹಳೇ ಫೋರ್ಕಿಗೆ ಹಾಕಿ ಓಡಿಸಿದ್ದೇನೆ. ಆದರೆ ಬಾತ್ ಎಣ್ಣೆಗೆ ಅಂತಲೇ ಮಾಡಿದ್ದು ಸ್ಟ್ಯಾಂಶನ್‌ಗೆ ಹೆಚ್ಚು ಹೊತ್ತು ಅಂಟಿಕೊಂಡಿರುತ್ತದೆ, ಫೋರ್ಕ್ ಮೊದಲ ಕೂದಲೆಳೆ ಚಲಿಸೋದು ನುಣುಪಾಗಿ ಶುರುವಾಗುತ್ತೆ. ಒಂದು ಸಣ್ಣ ಬಾಟಲಿ ಎಷ್ಟೋ ಸರ್ವಿಸ್ ಬರುವಾಗ ಅಲ್ಲಿ ಉಳಿತಾಯ ಮಾಡಿ ಏನು ಸಿಗುತ್ತೆ? ಡ್ಯಾಂಪರ್‌ಗೆ ಮಾತ್ರ ಎಂಜಿನ್ ಎಣ್ಣೆ ಬೇಡವೇ ಬೇಡ. ಅದು ಮಂದ, ಅದರಲ್ಲಿರೋ ಡಿಟರ್ಜೆಂಟ್ ಡ್ಯಾಂಪರ್‌ನ ಕೆಲಸಕ್ಕೆ ಬಂದದ್ದಲ್ಲ. ತಿರುಗುಮುರುಗಾಗಿ, ಡ್ಯಾಂಪರ್‌ನ ತೆಳು ಎಣ್ಣೆಯನ್ನು ಲೋವರ್ಸ್‌ಗೆ ಹಾಕಿದರೆ ಕೆಲಸವೇನೋ ನಡೆಯುತ್ತೆ, ಆದರೆ ಬುಶಿಂಗ್ ಮೇಲೆ ನಿಲ್ಲದೆ ಬೇಗ ಇಳಿದುಹೋಗುತ್ತೆ.

ಅಳತೆ. ಸಿರಿಂಜ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಕೆಲವು ಫೋರ್ಕ್‌ನಲ್ಲಿ ಒಂದು ಕಾಲಿಗೆ 5 ಅಥವಾ 10 ಮಿ.ಲೀ., ಕೆಲವದರಲ್ಲಿ 40. ಒಂದೇ ಫೋರ್ಕಿನ ಎರಡು ಕಾಲಿಗೂ ಬೇರೆ ಬೇರೆ ಇರುತ್ತೆ. ಕಣ್ಣಂದಾಜಿನಲ್ಲಿ ಜಾಸ್ತಿ ಹಾಕಿದರೆ ಒಳ್ಳೇದೇ ಅಲ್ವಾ ಅನಿಸುತ್ತೆ. ಅಲ್ಲ. ಲೋವರ್ಸ್ ಒಳಗೆ ಎಣ್ಣೆ ಬಿಟ್ಟು ಉಳಿದಿದ್ದು ಗಾಳಿ, ಫೋರ್ಕ್ ಕುಗ್ಗಿದಾಗ ಆ ಗಾಳಿಯೂ ಒತ್ತಿಕೊಳ್ಳುತ್ತೆ. ಎಣ್ಣೆ ಜಾಸ್ತಿ ಆದಷ್ಟೂ ಗಾಳಿಗೆ ಜಾಗ ಕಮ್ಮಿ, ಟ್ರಾವೆಲ್‌ನ ಕೊನೆಯಲ್ಲಿ ಗೋಡೆ ಸಿಕ್ಕ ಹಾಗೆ ಗಟ್ಟಿ ಆಗುತ್ತೆ. ಕೊನೆಯ 20 ಮಿ.ಮೀ. ಏನು ಮಾಡಿದರೂ ಬಳಕೆಗೆ ಬರುತ್ತಿಲ್ಲ ಅಂದರೆ ಸ್ಪ್ರಿಂಗ್ ಬಯ್ಯೋ ಮೊದಲು ಇದನ್ನೂ ನೋಡಿ. ಲೋವರ್ಸ್‌ನಲ್ಲಿ ಸಿಕ್ಕಿಕೊಂಡ ಗಾಳಿ ಎತ್ತರಕ್ಕೆ ಹೋದಾಗಲೂ ಉಬ್ಬುತ್ತೆ, ಹೊಸ ಕೆಲವು ಫೋರ್ಕ್‌ಗಳಲ್ಲಿ ಅದನ್ನು ಬಿಡೋಕೆ ಹಿಂಬದಿಯಲ್ಲಿ ಗುಂಡಿಯನ್ನೇ ಇಟ್ಟಿದ್ದಾರೆ.

ಹಳೇ ಎಣ್ಣೆ ಹೊರಗೆ ಸುರಿಯುವಾಗ ಮುಖ ತಿರುಗಿಸಬೇಡಿ, ಬಿಳಿ ತಟ್ಟೆಯೊಂದಕ್ಕೆ ಹಿಡಿಯಿರಿ. ಸ್ವಲ್ಪ ಬೂದು ಬಣ್ಣಕ್ಕೆ ತಿರುಗಿದ್ದರೆ ಮಾಮೂಲು. ಹಾಲು ಬೆರೆಸಿದ ಹಾಗಿದ್ದರೆ ನೀರು ಹೋಗಿದೆ. ಮಿರಮಿರ ಮಿಂಚೋ ಪುಡಿ ಇದ್ದರೆ ಎಲ್ಲೋ ಲೋಹ ತೇಯುತ್ತಿದೆ, ಸ್ಟ್ಯಾಂಶನ್ ಮೇಲಿನ ಬಣ್ಣದ ಲೇಪ ಮಾಸಿದೆಯಾ ಅಂತ ಬೆಳಕಿಗೆ ಹಿಡಿದು ನೋಡಿ. ಎರಡೂ ಕಾಲಿಗೆ ಸೇರಿ 15 ಮಿ.ಲೀ. ಹಾಕಿದ್ದ ಕಡೆ 40 ಮಿ.ಲೀ. ಹೊರಬಂದರೆ ಖುಷಿಪಡಬೇಡಿ, ಡ್ಯಾಂಪರ್ ಸೀಲ್ ಸೋರಿ ಅದರ ಎಣ್ಣೆ ಕೆಳಗಿಳಿದಿದೆ.

ಇನ್ನು ಗ್ರೀಸ್. ಗ್ರೀಸ್ ಎಷ್ಟು ಗಟ್ಟಿ ಅನ್ನೋದಕ್ಕೆ ಎನ್‌ಎಲ್‌ಜಿಐ ದರ್ಜೆ ಇದೆ. 000 ಅಂದರೆ ಹೆಚ್ಚುಕಮ್ಮಿ ಹರಿಯುತ್ತೆ, ಗಾಡಿಗಳ ವೀಲ್ ಬೇರಿಂಗ್‌ಗೆ ಹಾಕೋದು ಸಾಮಾನ್ಯವಾಗಿ 2. ಫೋರ್ಕಿಗೆ ಬೇಕಾಗಿದ್ದು ಮೆತ್ತಗಿನ, ಬೆರಳು ತಾಕಿದರೆ ಜಾರುವಂಥದ್ದು. ಸ್ಲಿಕೋಲಿಯಂ, ಸ್ಲಿಕ್ ಹನಿ, ಸ್ರಾಮ್ ಬಟರ್ ಇವೆಲ್ಲ ಆ ಜಾತಿಯವು, ಇವುಗಳಲ್ಲಿ ಯಾವುದು ಮೇಲು ಅನ್ನೋ ಜಗಳ ನನ್ನ ಮಟ್ಟಿಗೆ ಸಮಯ ಹಾಳು. ಬೇರಿಂಗ್ ಗ್ರೀಸ್ ಹಾಕಿದರೆ ಫೋರ್ಕ್ ಮುರಿದುಬೀಳಲ್ಲ, ಆದರೆ ಸಣ್ಣ ಸಣ್ಣ ಉಬ್ಬುಗಳಿಗೆ ಮರದ ಹಾಗೆ ಕೂತಿರುತ್ತೆ, ಜೋರು ಪೆಟ್ಟಿಗೆ ಮಾತ್ರ ಅಲ್ಲಾಡುತ್ತೆ. ಮಾಲಿಬ್ಡಿನಮ್ ಇರೋ ಕಪ್ಪು ಗ್ರೀಸ್ ಬೇಡ ಅನ್ನೋದಕ್ಕೆ ನನ್ನ ಕಾರಣ ಬೇರೆ: ಅದು ಬೆರೆತ ಮೇಲೆ ಎಣ್ಣೆಯ ಬಣ್ಣ ನೋಡಿ ಏನೂ ತಿಳಿಯಲ್ಲ. ಸಿಲಿಕೋನ್ ಗ್ರೀಸ್ ರಬ್ಬರ್ ಓ-ರಿಂಗ್‌ಗೆ ಚೆನ್ನ, ಲೋಹಕ್ಕೆ ಲೋಹ ಉಜ್ಜುವ ಕಡೆ ಅಷ್ಟು ಉಪಯೋಗವಿಲ್ಲ.

ಎಲ್ಲಿ ಹಾಕಬೇಕು? ಏರ್ ಪಿಸ್ಟನ್ನಿನ ಸೀಲ್‌ಗೆ ಸುತ್ತಲೂ ತೆಳು ಪದರ, ಹೊಳೆಯಬೇಕು, ಉಬ್ಬಿ ಕಾಣಬಾರದು. ಧೂಳು ತಡೆಯೋ ಡಸ್ಟ್ ವೈಪರ್ ಸೀಲಿನ ಎರಡು ತುಟಿಗಳ ನಡುವಿನ ಸಂದಿಗೆ ಕಿರುಬೆರಳಲ್ಲಿ ಒಂದು ಸುತ್ತು. ಅಷ್ಟೆ. ಬುಶಿಂಗ್‌ಗೆ ಗ್ರೀಸ್ ತುರುಕಬೇಡಿ, ಅದು ಒಂದು ಕಡೆಗೆ ತಳ್ಳಿಸಿಕೊಂಡು ಅಲ್ಲೇ ಕೂರುತ್ತೆ, ಎಣ್ಣೆಯ ಹಾಗೆ ಮತ್ತೆ ತಿರುಗಿ ಬರಲ್ಲ. ಫೋಮ್ ರಿಂಗನ್ನೂ ಗ್ರೀಸಿನಲ್ಲಿ ಅದ್ದಬೇಡಿ. ಅದನ್ನು ಬಾತ್ ಎಣ್ಣೆಯಲ್ಲಿ ನೆನೆಹಾಕಿ, ಬೆರಳ ನಡುವೆ ಹಿಂಡಿ, ಮತ್ತೆ ಬಿಟ್ಟು, ಒಳಗಿನ ಗಾಳಿಗುಳ್ಳೆ ಪೂರ್ತಿ ಹೋಗೋವರೆಗೂ. ಎಲ್ಲಾ ಕೆಲಸಕ್ಕೂ ಮೊದಲು ಇದನ್ನು ಶುರು ಮಾಡಿ ಪಕ್ಕಕ್ಕಿಟ್ಟರೆ ಜೋಡಿಸುವ ಹೊತ್ತಿಗೆ ಸರಿಯಾಗಿ ಕುಡಿದಿರುತ್ತೆ.

ಡಬ್ಲ್ಯೂಡಿ-40ಯನ್ನು ಸ್ಟ್ಯಾಂಶನ್ ಮೇಲೆ ಹೊಡೆಯುವ ಅಭ್ಯಾಸ ಇದ್ದರೆ ಇವತ್ತೇ ಬಿಟ್ಟುಬಿಡಿ. ಐದು ನಿಮಿಷ ಫೋರ್ಕ್ ನುಣ್ಣಗಾಗುತ್ತೆ ನಿಜ, ಜೊತೆಗೆ ಸೀಲಿನ ತುಟಿಯಲ್ಲಿದ್ದ ಗ್ರೀಸನ್ನು ತೊಳೆದು ಧೂಳನ್ನು ಒಳಗೆ ಕರೆದುಕೊಳ್ಳುತ್ತೆ. ಯಾವುದೇ ಸ್ಪ್ರೇ ಆಗಲಿ, ಮುಂದಿನ ಬ್ರೇಕ್ ಡಿಸ್ಕ್ ಅಲ್ಲೇ ಪಕ್ಕದಲ್ಲಿದೆ ಅನ್ನೋದು ನೆನಪಿರಲಿ. ನಾನು ಒಂದು ಜೊತೆ ಪ್ಯಾಡ್ ಹೀಗೆ ಬಲಿ ಕೊಟ್ಟಿದ್ದೇನೆ, ಆಮೇಲಿನ ಇಳಿಜಾರಿನಲ್ಲಿ ಬ್ರೇಕ್ ಹಿಡಿದರೆ ಬರೀ ಕಿರುಚಾಟ, ನಿಲ್ಲೋದೇ ಇಲ್ಲ. ಅಂದಿನಿಂದ ಚಕ್ರ ಮತ್ತು ಕ್ಯಾಲಿಪರ್ ಎರಡನ್ನೂ ಬಿಚ್ಚಿ ಬೇರೆ ಕೋಣೆಗೆ ಕಳಿಸಿಯೇ ಎಣ್ಣೆ ಮುಚ್ಚಳ ತೆಗೆಯೋದು. ಕ್ಲೀನ್ ಮಾಡೋಕೆ ಐಸೊಪ್ರೊಪೈಲ್ ಆಲ್ಕೋಹಾಲ್, ನೂಲು ಬಿಡದ ಬಟ್ಟೆ ಸಾಕು. ಡಾಟ್ ಬ್ರೇಕ್ ಫ್ಲೂಯಿಡ್ ಮುಟ್ಟಿದ ಕೈಯಲ್ಲಿ ಫೋರ್ಕ್ ಸೀಲ್ ಮುಟ್ಟಬೇಡಿ. ಆ ರಬ್ಬರ್ ಎಣ್ಣೆಗೆ ಒಗ್ಗಿದ್ದು, ಡಾಟ್‌ಗಲ್ಲ.

ಬಿಚ್ಚಿ ಜೋಡಿಸೋದನ್ನು ಬೇಗ ಹೇಳಿ ಮುಗಿಸುತ್ತೇನೆ. ಗಾಳಿ ಪೂರ್ತಿ ಬಿಟ್ಟು, ಕೆಳಗಿನ ಬೋಲ್ಟ್ ಮೂರು ನಾಲ್ಕು ಸುತ್ತು ಸಡಿಲಿಸಿ, ಪ್ಲಾಸ್ಟಿಕ್ ಸುತ್ತಿಗೆಯಲ್ಲಿ ಒಂದೇಟು. ವಾಪಸ್ ಹಾಕುವಾಗ ವೈಪರ್ ತುಟಿ ಮಡಚಿಕೊಳ್ಳದ ಹಾಗೆ ಒಂದೊಂದೇ ಕಾಲು. ಫೋರ್ಕ್ ಓರೆ ಹಿಡಿದು ಬೋಲ್ಟ್ ತೂತಿನಿಂದ ಸಿರಿಂಜಿನಲ್ಲಿ ಎಣ್ಣೆ, ಹೊಸ ಕ್ರಷ್ ವಾಷರ್, ಟಾರ್ಕ್ ವ್ರೆಂಚ್. ನನ್ನದು ರಾಕ್‌ಶಾಕ್ಸ್, ಅದಕ್ಕೆ 7.3 ನ್ಯೂಟನ್ ಮೀಟರ್. ಆಮೇಲೆ ಗಾಳಿಯನ್ನು ಒಮ್ಮೆಗೇ ತುಂಬದೆ, ಸ್ವಲ್ಪ ತುಂಬಿ, ನಿಧಾನಕ್ಕೆ ಹತ್ತಾರು ಸಲ ಒತ್ತಿ, ಎರಡು ಕೋಣೆ ಸಮ ಮಾಡಿಕೊಂಡು, ಮತ್ತೆ ತುಂಬಬೇಕು.

ಈಗ ನನ್ನ ಡಬ್ಬಿಯಲ್ಲಿ ಎರಡು ಸಿರಿಂಜ್ ಇವೆ. ಒಂದಕ್ಕೆ ಕೆಂಪು ಟೇಪ್, ಡ್ಯಾಂಪರ್. ಇನ್ನೊಂದಕ್ಕೆ ಹಳದಿ, ಲೋವರ್ಸ್. ಗ್ರೀಸ್ ಡಬ್ಬಿಯ ಮುಚ್ಚಳದ ಮೇಲೆ ಮಾರ್ಕರ್ ಪೆನ್ನಿನಲ್ಲಿ "ಸಾಕು" ಅಂತ ಬರೆದಿದ್ದೇನೆ. ಹೋದ ವಾರ ಬಿಚ್ಚಿದಾಗ ಬಿಳಿ ತಟ್ಟೆಗೆ ಬಿದ್ದ ಎಣ್ಣೆ ಮಾಸಿದ ಹಳದಿ ಬಣ್ಣದ್ದು, ಎಡಗಡೆ 9 ಮಿ.ಲೀ. ಇತ್ತು. ಹಾಕಿದ್ದು 10.